ಲಾವಾ ನೆಲದಲ್ಲಿ ಕಟ್ಟುವುದು: ಜಾಗ ಮೊದಲು, ಕಲ್ಲಿನ ಬಣ್ಣ ಆಮೇಲೆ

(ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾತಾಡಿದ್ದರ ಬರಹ ರೂಪ ಇದು. ಅಲ್ಲಿ ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಅವನ್ನು ಮಾತಿನಲ್ಲೇ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜ್ವಾಲಾಮುಖಿ ನೋಡಲು ಜನ ಬರುತ್ತಾರೆ. ಅವರಿಗೆ ಟಿಕೆಟ್ ಕೊಡಬೇಕು, ನೆರಳು ಬೇಕು, ಶೌಚಾಲಯ ಬೇಕು, ನಿಂತು ನೋಡಲು ಒಂದು ಜಾಗ ಬೇಕು. ಕೆಲಸ ಕೊಡುವವರು "ಪ್ರಕೃತಿಯಲ್ಲಿ ಬೆರೆತು ಹೋಗೋ ಹಾಗೆ ಮಾಡಿ" ಅನ್ನುತ್ತಾರೆ. ನಾವು ತಕ್ಷಣ ಏನು ಮಾಡುತ್ತೇವೆ ಹೇಳಿ? ಕಪ್ಪು ಕಲ್ಲು ಹುಡುಕುತ್ತೇವೆ. ಗೋಡೆಗೆ ಅದನ್ನು ಅಂಟಿಸಿ, ಛಾವಣಿ ಮೇಲೆ ಹುಲ್ಲು ಬೆಳೆಸಿ, ದೂರದಿಂದ ಒಂದು ಚಂದದ ಚಿತ್ರ ತೆಗೆದು ತೋರಿಸುತ್ತೇವೆ.

ನನ್ನ ಮಾತು ಇದರ ಬಗ್ಗೆನೇ. ಲಾವಾ ನೆಲದಲ್ಲಿ ಒಂದು ಕಟ್ಟಡ ಬೆರೆಯುತ್ತದಾ ಇಲ್ವಾ ಅನ್ನುವುದು ಕಲ್ಲು ಆರಿಸುವುದಕ್ಕೆ ಬಹಳ ಮುಂಚೆ, ಜಾಗ ಆರಿಸಿದ ದಿನವೇ ತೀರ್ಮಾನ ಆಗಿರುತ್ತದೆ. ಇಂಥ ನೆಲದಲ್ಲಿ ಮೊದಲೇ ಕುಸಿದ, ಅಗೆದು ಬಿಟ್ಟ, ಹೂತುಹೋದ ಜಾಗಗಳು ಇದ್ದೇ ಇರುತ್ತವೆ. ಕೆಲವನ್ನು ಬೆಟ್ಟವೇ ಮಾಡಿರುತ್ತದೆ, ಕೆಲವನ್ನು ಮನುಷ್ಯ ಮಾಡಿರುತ್ತಾನೆ. ಕಟ್ಟುವುದಿದ್ದರೆ ಅಲ್ಲಿ ಕಟ್ಟಿ. ಯಾರೂ ಮುಟ್ಟದ ಲಾವಾವನ್ನು ಮುಟ್ಟಬೇಡಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಲಾವಾ ನೆಲಕ್ಕೆ ಆದ ಗಾಯ ಬೇಗ ಮಾಯುವುದಿಲ್ಲ. ಕಾಡಿನಲ್ಲಿ ಒಂದು ಕಡೆ ಕಡಿದರೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಪೊದೆಗಳಾದರೂ ಬಂದಿರುತ್ತವೆ. ಇಲ್ಲಿ ಹಾಗಿಲ್ಲ. ಕ್ಯಾನರಿ ದ್ವೀಪಗಳಲ್ಲಿ ಲಾಂಥರೋಟೆ ಅಂತ ಒಂದು ದ್ವೀಪ ಇದೆ, ಸ್ಪೇನಿಗೆ ಸೇರಿದ್ದು. ಅಲ್ಲಿ 1730ರಿಂದ 1736ರವರೆಗೆ ಬಿಟ್ಟು ಬಿಟ್ಟು ಜ್ವಾಲಾಮುಖಿಗಳು ಸಿಡಿದು, ದ್ವೀಪದ ಹೆಚ್ಚುಕಡಿಮೆ ಕಾಲು ಭಾಗ ಲಾವಾದಡಿ ಹೋಯಿತು. ಸುಮಾರು ಮುನ್ನೂರು ವರ್ಷ ಆಯಿತು. ಮಳೆ ಕಮ್ಮಿ ಇರುವ ಜಾಗ, ಹಾಗಾಗಿ ಇವತ್ತಿಗೂ ಆ ಲಾವಾ ಮೇಲೆ ಬಹುಪಾಲು ಕಾಣುವುದು ಬೂದು ಬಣ್ಣದ ಕಲ್ಲುಹೂವು ಮಾತ್ರ. ಐಸ್‌ಲ್ಯಾಂಡಿನಲ್ಲಿ ಲಾವಾ ಮೇಲೆ ದಪ್ಪಗೆ ಪಾಚಿ ಬೆಳೆಯುತ್ತದೆ, ಆದರೆ ಅದರ ಮೇಲೆ ಒಮ್ಮೆ ಗಾಡಿ ಹರಿದರೆ ಆ ಗೆರೆ ದಶಕಗಟ್ಟಲೆ ಹಾಗೇ ಇರುತ್ತದೆ.

ಇನ್ನೊಂದು ವಿಷಯ, ಇದನ್ನು ಹತ್ತಿರ ಹೋಗಿಯೇ ನೋಡಬೇಕು. ಲಾವಾ ಕಲ್ಲಿನ ಹೊರಮೈ ಗಾಳಿ ಮಳೆಗೆ ಬಣ್ಣ ತಿರುಗಿರುತ್ತದೆ. ಕೆಲವು ಕಡೆ ಕೆಂಪು, ಕೆಲವು ಕಡೆ ಕಂದು, ಮೇಲೆ ಕಲ್ಲುಹೂವಿನ ಚುಕ್ಕಿಗಳು. ಅದನ್ನು ಒಡೆದರೆ ಒಳಗೆ ಒಂದೇ ಸಮನೆ ತಣ್ಣನೆಯ ಬೂದು ಬಣ್ಣ. ಅದೇ ಜಾಗದ ಕಲ್ಲನ್ನೇ ಕಡಿದು ಗೋಡೆ ಕಟ್ಟಿದರೂ ಅದು ಸುತ್ತಲಿನ ನೆಲದ ಹಾಗೆ ಕಾಣುವುದಿಲ್ಲ, ಅದಕ್ಕೆ ಇದೇ ಕಾರಣ. ಪಾಲಿಶ್ ಮಾಡಿದರಂತೂ ಮುಗಿದೇ ಹೋಯಿತು, ಬಿಸಿಲಿಗೆ ಹೊಳೆಯುತ್ತದೆ. ಲಾವಾ ಕಪ್ಪಗೆ ಕಾಣುವುದರಲ್ಲಿ ಅರ್ಧ ಕೆಲಸ ಅದರ ಸಾವಿರಾರು ಸಣ್ಣ ಸಣ್ಣ ನೆರಳುಗಳದ್ದು. ನಯವಾದ ಕಪ್ಪು ಗೋಡೆಗೆ ಆ ನೆರಳು ಎಲ್ಲಿಂದ ಬರಬೇಕು?

ಈಗ ಲಾಂಥರೋಟೆಗೇ ಬರೋಣ. ಈ ವಿಷಯದಲ್ಲಿ ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ ಅಂತ ನನ್ನ ಅಭಿಪ್ರಾಯ. ಸೆಸಾರ್ ಮಾನ್ರಿಕೆ ಅನ್ನುವ ಕಲಾವಿದ 1919ರಲ್ಲಿ ಅಲ್ಲೇ, ಅರೆಸೀಫೆಯಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ ಸ್ವಲ್ಪ ಕಾಲ ಇದ್ದು 1966ರಲ್ಲಿ ದ್ವೀಪಕ್ಕೆ ವಾಪಸ್ ಬಂದರು. ಪ್ರವಾಸಿಗರು ಆಗತಾನೇ ಬರಲು ಶುರುವಾಗಿದ್ದ ಕಾಲ ಅದು. ದ್ವೀಪದ ಆಡಳಿತದ ಜೊತೆ, ಹೆಸುಸ್ ಸೊತೊ, ಎಡ್ವಾರ್ಡೊ ಕಾಸೆರೆಸ್ ಮುಂತಾದವರ ಜೊತೆ ಸೇರಿ ಅವರು ಮಾಡಿದ ಕೆಲಸಗಳನ್ನು ಒಂದೊಂದಾಗಿ ನೋಡಿ. ಎಲ್ಲೆಲ್ಲಿ ಕಟ್ಟಿದ್ದಾರೆ ಅಂತ ಮಾತ್ರ ಗಮನಿಸಿ.

ಹಮೆಯೋಸ್ ದೆಲ್ ಆಗ್ವಾ. ಇದು ಒಂದು ಲಾವಾ ಸುರಂಗ. ಲಾವಾ ಹರಿಯುವಾಗ ಮೇಲ್ಭಾಗ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗಿನದು ಹರಿದು ಖಾಲಿಯಾಗುತ್ತದೆ, ಕೊಳವೆ ಉಳಿಯುತ್ತದೆ. ಕರೋನಾ ಅನ್ನುವ ಜ್ವಾಲಾಮುಖಿಯಿಂದ ಸಮುದ್ರದವರೆಗೆ ಸುಮಾರು 6 ಕಿಲೋಮೀಟರ್ ಉದ್ದಕ್ಕೆ ಇಂಥ ಸುರಂಗ ಇದೆ, ಅಲ್ಲಿಂದ ಮುಂದೆ ಸಮುದ್ರದ ಕೆಳಗೂ ಹೋಗುತ್ತದೆ. ಅಲ್ಲಲ್ಲಿ ಅದರ ಛಾವಣಿ ತಾನಾಗಿಯೇ ಕುಸಿದು ಬಾಯಿ ತೆರೆದಿದೆ. ಮಾನ್ರಿಕೆ ತಂಡ ಆ ಕುಸಿದ ಬಾಯಿಯಲ್ಲೇ ಮೆಟ್ಟಿಲು ಇಳಿಸಿತು. ಒಂದು ಬಾಯಿಯಲ್ಲಿ ಇಳಿದು, ಒಳಗಿನ ಕೊಳದ ಪಕ್ಕದ ಕಿರುದಾರಿಯಲ್ಲಿ ನಡೆದು, ಇನ್ನೊಂದು ಬಾಯಿಯಲ್ಲಿ ಬೆಳಕಿಗೆ ಬರುತ್ತೀರಿ. 1966ರಲ್ಲಿ ಮೊದಲ ಹಂತ ತೆರೆಯಿತು, ಕೆಲಸ ಮುಗಿದದ್ದು 1977ರಲ್ಲಿ. ಸುರಂಗದ ಒಂದು ತುಂಡನ್ನೇ ಸಭಾಂಗಣ ಮಾಡಿದ್ದಾರೆ.

ಆ ಕೊಳದಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ಬಿಳಿ ಏಡಿ ಇದೆ, ಅದಕ್ಕೆ ಕಣ್ಣು ಕಾಣುವುದಿಲ್ಲ. ಜಗತ್ತಿನಲ್ಲಿ ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ಜೀವಿ. ನೀರಿಗೆ ನಾಣ್ಯ ಎಸೆಯಬೇಡಿ ಅಂತ ಬಂದವರಿಗೆಲ್ಲ ಹೇಳುತ್ತಾರೆ, ಯಾಕೆಂದರೆ ಲೋಹ ಕರಗಿ ನೀರು ಸೇರಿದರೆ ಏಡಿಗೆ ವಿಷ. ಬೆರೆಯುವ ವಾಸ್ತುಶಿಲ್ಪ ಅಂತ ಮಾತಾಡುವಾಗ ನಾವು ಈ ಏಡಿಯನ್ನು ಮರೆಯುತ್ತೇವೆ. ಕಣ್ಣಿಗೆ ಎಷ್ಟೇ ಹೊಂದಿಕೊಂಡರೂ ಒಳಗಿನ ನೀರು ಕೆಟ್ಟರೆ ಆ ಕಟ್ಟಡ ಅಲ್ಲಿ ಬೆರೆತಿಲ್ಲ.

ಮಿರಾದೋರ್ ದೆಲ್ ರಿಯೊ ಅನ್ನುವ ನೋಟದ ಕಟ್ಟಡ, 1973. ಸಮುದ್ರದಿಂದ ಸುಮಾರು 475 ಮೀಟರ್ ಎತ್ತರದ ಕಡಿದಾದ ಬಂಡೆಯ ತುದಿ. ಅಲ್ಲಿ ಮೊದಲೇ ಹತ್ತೊಂಬತ್ತನೇ ಶತಮಾನದ ಕೊನೆಯ ಫಿರಂಗಿ ಠಾಣೆ ಇತ್ತು. ಹೊಸ ಜಾಗ ಅಗೆಯದೆ ಅಲ್ಲೇ ಕೂತರು. ಬಂಡೆಯೊಳಗೆ ಕೊರೆದು ಎರಡು ಗುಮ್ಮಟದ ಕೋಣೆ ಮಾಡಿ ಮೇಲೆ ಮಣ್ಣು ಕಲ್ಲು ಮುಚ್ಚಿದರು. ಗಾಡಿ ನಿಲ್ಲಿಸುವ ಕಡೆಯಿಂದ ನೋಡಿದರೆ ಒಂದು ಬಾಗಿದ ಕಲ್ಲಿನ ಗೋಡೆ ಅಷ್ಟೇ, ಸಮುದ್ರದ ಸುಳಿವೇ ಇಲ್ಲ. ಒಳಗೆ ಹೋದರೆ ಬಿಳಿ ಬಳಿದ ಒಂದು ಸೊಟ್ಟ ಓಣಿ, ಎಲ್ಲಿಗೆ ಹೋಗುತ್ತಿದ್ದೀವಿ ಅಂತ ಗೊತ್ತಾಗದ ಹಾಗೆ ಅತ್ತ ಇತ್ತ ತಿರುಗುತ್ತದೆ, ಮತ್ತೆ ಒಮ್ಮೆಲೇ ಎದುರಿಗೆ ಎರಡು ದೊಡ್ಡ ಗಾಜಿನ ಕಣ್ಣುಗಳು, ಕೆಳಗೆ ಜಲಸಂಧಿ, ಆಚೆ ಲಾ ಗ್ರಾಸಿಯೋಸಾ ದ್ವೀಪ ಪೂರ್ತಿ. ಆ ಓಣಿಯನ್ನು ನೇರ ಮಾಡಿದ್ದರೆ ಕಟ್ಟುವ ಖರ್ಚು ಕಮ್ಮಿ ಆಗುತ್ತಿತ್ತು, ಇಡೀ ಕಟ್ಟಡವೂ ಸತ್ತುಹೋಗುತ್ತಿತ್ತು.

ಗಮನಿಸಿ, ಒಳಗೆಲ್ಲ ಅಚ್ಚ ಬಿಳಿ! ಕಪ್ಪು ನೆಲದಲ್ಲಿ ಬಿಳಿ ಬಳಿಯಲು ಅವರು ಹೆದರಲಿಲ್ಲ. ಮಾನ್ರಿಕೆಯವರ ಸ್ವಂತ ಮನೆಯೂ ಹಾಗೇ. ತಾಹಿಚೆಯಲ್ಲಿ 1968ರಲ್ಲಿ ಆ ಹಳೆ ಲಾವಾ ಹರಿವಿನ ಮೇಲೇ ಕಟ್ಟಿದ್ದು. ನೆಲದಡಿ ಐದು ಲಾವಾ ಗುಳ್ಳೆಗಳಿದ್ದವು. ಅಂದರೆ ಅನಿಲ ತುಂಬಿ ಉಬ್ಬಿ ಆಮೇಲೆ ಖಾಲಿಯಾದ ಗುಹೆಗಳು. ಅವುಗಳನ್ನೇ ಕೋಣೆ ಮಾಡಿ, ನಡುವೆ ಕಿರಿದಾದ ದಾರಿ ಕೊರೆದು ಜೋಡಿಸಿದರು. ಮೇಲಿನ ಕೋಣೆಯಲ್ಲಿ ಒಂದು ಕಿಟಕಿ ಇದೆ, ಅದನ್ನು ನಾನು ಪ್ರತಿ ಸಲ ತೋರಿಸುತ್ತೇನೆ. ಹೊರಗಿನ ಲಾವಾ ಕಿಟಕಿಯ ಮೂಲಕ ಒಳಕ್ಕೆ ಬಂದು ಬಿಳಿ ನೆಲದ ಮೇಲೆ ಹರಡಿದ ಹಾಗಿದೆ. ಗಾಜನ್ನು ಆ ಒರಟು ಕಲ್ಲಿನ ಅಂಕುಡೊಂಕಿಗೆ ಸರಿಯಾಗಿ ಕತ್ತರಿಸಿ ಕೂರಿಸಿದ್ದಾರೆ. ಕಲ್ಲನ್ನು ಗಾಜಿನ ಅಳತೆಗೆ ಕತ್ತರಿಸಲಿಲ್ಲ, ಅಲ್ವಾ? ಇಡೀ ಉಪನ್ಯಾಸದಲ್ಲಿ ಒಂದೇ ಚಿತ್ರ ನೆನಪಿಟ್ಟುಕೊಳ್ಳಬಹುದು ಅಂದರೆ ಇದನ್ನೇ ಇಟ್ಟುಕೊಳ್ಳಿ.

ಗ್ವಾತಿಸಾದ ಕಳ್ಳಿ ತೋಟವೂ ಇದೇ ದಾರಿಯದ್ದು. ಜ್ವಾಲಾಮುಖಿಯ ಕಪ್ಪು ಜಲ್ಲಿ ತೆಗೆದು ತೆಗೆದು ಬಿಟ್ಟಿದ್ದ ಹಳೇ ಕ್ವಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದಿ, 1990ರಲ್ಲಿ ತೆರೆದರು. ಕುಸಿದ ಸುರಂಗ, ಹಳೇ ಫಿರಂಗಿ ಠಾಣೆ, ಖಾಲಿ ಗುಳ್ಳೆಗಳು, ಬಿಟ್ಟ ಕ್ವಾರಿ. ಸಾಲಾಗಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಅದೇ ದ್ವೀಪದ ತಿಮನ್‌ಫಾಯ ರಾಷ್ಟ್ರೀಯ ಉದ್ಯಾನ ಸ್ವಲ್ಪ ಬೇರೆ. ಅಲ್ಲಿ ನೆಲ ಇನ್ನೂ ಬಿಸಿ. ಮೇಲಿನಿಂದ ಕೆಲವೇ ಸೆಂಟಿಮೀಟರ್ ಕೆಳಗೆ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, 13 ಮೀಟರ್ ಆಳದಲ್ಲಿ ಸುಮಾರು 600 ಡಿಗ್ರಿ. ಹಾಗಿದ್ದರೆ ಪಾಯ ತೋಡುವುದು ಹೇಗೆ? ಎಲ್ ದಿಯಾಬ್ಲೊ ಅನ್ನುವ ಊಟದ ಮನೆಯನ್ನು 1970ರಲ್ಲಿ ಅಲ್ಲಿ ಕಟ್ಟಿದಾಗ ಆಳಕ್ಕೆ ತೋಡದೆ ಬಸಾಲ್ಟ್ ಕಲ್ಲಿನ ಪದರಗಳನ್ನು ಹಾಸಿ ಅದರ ಮೇಲೆ ಎಬ್ಬಿಸಿದರು. ಗುಂಡಗಿನ, ಗಿಡ್ಡ ಕಟ್ಟಡ, ಸುತ್ತ ಗಾಜು. ಅಡುಗೆಗೆ ನೆಲದ ಶಾಖವನ್ನೇ ಬಳಸುತ್ತಾರೆ. ಅದು ಅಡಗಿ ಕೂತಿಲ್ಲ, ದೂರದಿಂದ ಕಾಣುತ್ತದೆ. ಆದರೂ ಸುತ್ತಲಿನ ದಿಬ್ಬಗಳ ಗೆರೆಯನ್ನು ಕಡಿಯುವುದಿಲ್ಲ. ಅಷ್ಟು ಸಾಕು ಅನ್ನಿಸುತ್ತದೆ ನನಗೆ. ಎಲ್ಲವನ್ನೂ ನೆಲದಡಿ ಹೂತುಬಿಡಬೇಕು ಅನ್ನುವ ಹಟ ನನಗಿಲ್ಲ.

ಹೂಳುವ ವಿಷಯ ಬಂತು, ಹಾಗಾಗಿ ಎರಡು ಕಟ್ಟಡಗಳನ್ನು ಪಕ್ಕಪಕ್ಕ ಇಡುತ್ತೇನೆ. ಪೋರ್ಚುಗಲ್ಲಿಗೆ ಸೇರಿದ ಅಝೋರ್ಸ್‌ನ ಫಾಯಲ್ ದ್ವೀಪದಲ್ಲಿ 1957ರ ಸೆಪ್ಟೆಂಬರಿನಲ್ಲಿ ಕರಾವಳಿ ಪಕ್ಕದ ಸಮುದ್ರದಲ್ಲೇ ಜ್ವಾಲಾಮುಖಿ ಸಿಡಿಯಿತು. 1958ರ ಅಕ್ಟೋಬರಿನವರೆಗೂ ನಡೆಯಿತು. ಮನೆ ಹೊಲ ಬೂದಿಯಲ್ಲಿ ಮುಚ್ಚಿ ಬಹಳ ಜನ ಅಮೆರಿಕಕ್ಕೆ ವಲಸೆ ಹೋದರು. ಕಪೆಲಿನ್ಯೋಸ್ ದೀಪಸ್ತಂಭದ ಕೆಳ ಅಂತಸ್ತು ಬೂದಿಯಲ್ಲಿ ಹೂತುಹೋಯಿತು. ಅರ್ಧ ಶತಮಾನ ಆದ ಮೇಲೆ, 2008ರಲ್ಲಿ, ವಾಸ್ತುಶಿಲ್ಪಿ ನುನೊ ರಿಬೈರೊ ಲೋಪೆಸ್ ಅವರ ವಿನ್ಯಾಸದಲ್ಲಿ ಮಾಹಿತಿ ಕೇಂದ್ರ ತೆರೆಯಿತು. ಅದು ಆ ಬೂದಿಯ ನೆಲದಡಿ ಇದೆ. ಮೇಲೆ ನಿಂತವರಿಗೆ ಕಾಣುವುದು ಬೂದಿ ಬಯಲು, ಮುರಿದ ಗೋಡೆಗಳು, ದೀಪಸ್ತಂಭ, ಅಷ್ಟೇ. ಕೆಳಗೆ ಗುಂಡಗಿನ ಕಾಂಕ್ರೀಟ್ ಹಜಾರ, ನಡುವೆ ಮೇಲಕ್ಕೆ ಹೋಗುತ್ತಾ ಹರಡುವ ಒಂದೇ ಕಂಬ. ಊರು ಹೂತುಹೋದ ಕತೆಯನ್ನು ಹೂತ ನೆಲದೊಳಗೇ ನಿಂತು ಕೇಳುತ್ತೀರಿ. ಕಟ್ಟಡ ಕೆಳಗೆ ಇರುವುದಕ್ಕೆ ಅಲ್ಲಿ ಒಂದು ಕಾರಣ ಇದೆ.

ಇನ್ನೊಂದು ಫ್ರಾನ್ಸಿನ ಓವೆರ್ನ್ ಪ್ರದೇಶದ ವಲ್ಕೇನಿಯಾ, ಜ್ವಾಲಾಮುಖಿಗಳ ಬಗ್ಗೆ ತೋರಿಸುವ ಪಾರ್ಕ್. 2002ರಲ್ಲಿ ತೆರೆದದ್ದು, ವಿನ್ಯಾಸ ಆಸ್ಟ್ರಿಯಾದ ಹಾನ್ಸ್ ಹೊಲೈನ್ ಅವರದ್ದು. ಇದೂ ಬಹುಪಾಲು ನೆಲದಡಿ. ಲಾವಾ ಕಲ್ಲಿನಲ್ಲಿ ಅಗೆದ ದೊಡ್ಡ ಕುಳಿ, ಮೇಲೆ ಒಂದು ಶಂಕು, ಹೊರಗೆ ಗಾಢ ಬಣ್ಣದ ಲಾವಾ ಕಲ್ಲು, ಒಳಗೆ ಚಿನ್ನದ ಬಣ್ಣದ ಲೋಹ. ಕೆಲಸದ ಗುಣಮಟ್ಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಆ ಶಂಕು ಒಪ್ಪಿಗೆ ಆಗುವುದಿಲ್ಲ. ನಿಜವಾದ ಜ್ವಾಲಾಮುಖಿ ದಿಬ್ಬಗಳ ಸಾಲೇ ಪಕ್ಕದಲ್ಲಿದೆ, ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಸಾಲು. ಅದರ ಮುಂದೆ ಕಟ್ಟಡವೊಂದು ತಾನೂ ಜ್ವಾಲಾಮುಖಿ ಅನ್ನುವ ರೂಪ ತಾಳಿದರೆ ಅದು ಚಿಕ್ಕದಾಗಿಯೇ ಕಾಣುತ್ತದೆ. ಜೊತೆಗೆ, ನೆಲದಡಿ ಹೋದರೆ ನೆಲಕ್ಕೆ ಏನೂ ಆಗುವುದಿಲ್ಲ ಅಂದುಕೊಳ್ಳಬಾರದು. ಅಗೆದ ಕಲ್ಲು ಎಲ್ಲಿಗಾದರೂ ಹೋಗಲೇಬೇಕಲ್ಲ. ಕಾಣದ ಕಟ್ಟಡಕ್ಕೆ ಕೆಲವೊಮ್ಮೆ ಕಾಣುವ ಕಟ್ಟಡಕ್ಕಿಂತ ಜಾಸ್ತಿ ಗಾಯ ಮಾಡಬೇಕಾಗುತ್ತದೆ.

ಇಲ್ಲಿಂದ ಮುಂದಿನದು ಚಿತ್ರಗಳಲ್ಲಿ ಬರದ ವಿಷಯ. ಗಾಡಿಗಳು.

ಎಷ್ಟೋ ನಕ್ಷೆಗಳಲ್ಲಿ ಕಟ್ಟಡಕ್ಕಿಂತ ಪಾರ್ಕಿಂಗ್ ದೊಡ್ಡದು. ಕಟ್ಟಡವನ್ನು ಬೆಟ್ಟದಲ್ಲಿ ಕರಗಿಸಿ, ಪಕ್ಕದಲ್ಲಿ ಹೊಳೆಯುವ ಕಾರುಗಳ ಬಯಲು ಇಟ್ಟರೆ ಏನು ಬಂತು? ತಿಮನ್‌ಫಾಯದಲ್ಲಿ ನಿಮ್ಮ ಕಾರು ಒಂದು ಹಂತದವರೆಗೆ ಮಾತ್ರ. ಅಲ್ಲಿಂದ ಮುಂದಿನ 14 ಕಿಲೋಮೀಟರ್ ಸುತ್ತು ಬಸ್ಸಿನಲ್ಲೇ. ಆ ರಸ್ತೆ ಒಂದು ಗಾಡಿಯಷ್ಟೇ ಅಗಲ, ದಿಬ್ಬಗಳ ಏರುತಗ್ಗಿಗೆ ತಕ್ಕಂತೆ ಬಾಗುತ್ತಾ ಹೋಗುತ್ತದೆ. ನನ್ನ ಮಟ್ಟಿಗೆ ದ್ವೀಪದ ಅತ್ಯುತ್ತಮ ವಾಸ್ತುಶಿಲ್ಪ ಅದೇ. ನೀವು ಎಲ್ಲಿ ನಿಲ್ಲುತ್ತೀರಿ, ಎಷ್ಟು ಹೊತ್ತು ನೋಡುತ್ತೀರಿ, ಯಾವ ತಿರುವಿನಲ್ಲಿ ಕುಳಿ ಕಾಣಬೇಕು, ಎಲ್ಲವನ್ನೂ ಆ ರಸ್ತೆ ನಿರ್ಧರಿಸುತ್ತದೆ. ಓವೆರ್ನ್‌ನ ಪ್ಯೂಯಿ ದ ದೋಮ್ ಬೆಟ್ಟದಲ್ಲೂ ತುದಿಯವರೆಗೆ ಹತ್ತುತ್ತಿದ್ದ ಗಾಡಿಗಳ ಬದಲು 2012ರಿಂದ ಹಲ್ಲುಹಳಿಯ ರೈಲು ಓಡುತ್ತಿದೆ.

ನಡೆಯುವವರ ವಿಷಯವೂ ಇದೆ. ಗಲಾಪಗೋಸ್‌ನ ಬಾರ್ತೊಲೊಮೆ ಸಣ್ಣ ದ್ವೀಪ, ಎತ್ತರ 114 ಮೀಟರ್. ಮೇಲೆಲ್ಲ ಸಡಿಲ ಬೂದಿ, ಜಲ್ಲಿ. ಕಾಲಿಟ್ಟರೆ ಜಾರುತ್ತದೆ, ಕೊರಕಲು ಬೀಳುತ್ತದೆ. ಅದಕ್ಕೇ ತುದಿಯವರೆಗೆ ಮರದ ಮೆಟ್ಟಿಲುದಾರಿ ಹಾಕಿದ್ದಾರೆ. ನೆಲಕ್ಕೂ ಕಾಲಿಗೂ ನಡುವೆ ಸ್ವಲ್ಪ ಗಾಳಿ. ಫೋಟೊದಲ್ಲಿ ಮೆಟ್ಟಿಲು ಚೆನ್ನಾಗಿಯೇ ಕಾಣುತ್ತದೆ, ಸ್ವಲ್ಪವೂ ಬೆರೆತಿಲ್ಲ ಅನ್ನಬಹುದು. ಅದು ಇಲ್ಲದಿದ್ದರೆ ಬೆಟ್ಟದ ಮೈಮೇಲೆ ಹತ್ತು ಕೊರಕಲು ಇರುತ್ತಿದ್ದವು, ಅದನ್ನೂ ಲೆಕ್ಕ ಹಾಕಿ.

ಈಗ ಸ್ವಲ್ಪ ಕೆಳಗಿನ ನೆಲದ ಬಗ್ಗೆ. ಇಲ್ಲಿ ಬೇಗ ಬೇಗ ಹೇಳುತ್ತೇನೆ, ಎಂಜಿನಿಯರುಗಳು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಲಾವಾ ಗಟ್ಟಿ ಬಂಡೆ ಥರ ಕಂಡರೂ ಒಳಗೆ ಟೊಳ್ಳು ಇರಬಹುದು, ಆದ್ದರಿಂದ ಪಾಯದ ಜಾಗದಲ್ಲಿ ಕೊರೆದು ನೋಡದೆ, ರಾಡಾರ್ ಹಾಯಿಸಿ ನೋಡದೆ ಭಾರ ಹೊರಿಸಬಾರದು. ಅನಿಲ ಹೊಮ್ಮುವ ಕಡೆ ಗಂಧಕದ ಹೊಗೆ ಕಬ್ಬಿಣ ತಿನ್ನುತ್ತದೆ, ತಾಮ್ರ ಕಪ್ಪಾಗಿಸುತ್ತದೆ, ವಿದ್ಯುತ್ ಜೋಡಣೆಗಳನ್ನು ಹಾಳುಮಾಡುತ್ತದೆ. ಬೂದಿ ಬೀಳುವ ಕಡೆ ಚಪ್ಪಟೆ ಛಾವಣಿ ಅಪಾಯ. ಒಣ ಬೂದಿಯೇ ಭಾರ, ಮಳೆ ಬಿದ್ದು ನೆನೆದರೆ ಆ ಭಾರ ದುಪ್ಪಟ್ಟಾದರೂ ಆಶ್ಚರ್ಯ ಇಲ್ಲ. ಹುಲ್ಲು ಛಾವಣಿ ಹಾಕುವವರು ಮಣ್ಣಿನ ಭಾರದ ಜೊತೆ ಇದನ್ನೂ ಸೇರಿಸಿ ಲೆಕ್ಕ ಮಾಡಬೇಕು.

ಮತ್ತೆ ಬೆಟ್ಟ ತನ್ನ ಕೆಲಸ ತಾನು ಮಾಡುತ್ತಲೇ ಇರುತ್ತದೆ. ಹವಾಯಿಯಲ್ಲಿ ವಹೌಲಾ ಸಂದರ್ಶಕ ಕೇಂದ್ರವನ್ನು 1989ರಲ್ಲಿ ಲಾವಾ ಸುಟ್ಟುಹಾಕಿತು. ಅದೇ ಕಿಲೌಯಾ ಜ್ವಾಲಾಮುಖಿಯ ಕುಳಿಯ ಅಂಚಿನಲ್ಲಿ ಜ್ಯಾಗರ್ ಮ್ಯೂಸಿಯಂ ಇತ್ತು, ನೋಟ ಅಂದರೆ ಅದಕ್ಕಿಂತ ಒಳ್ಳೆ ನೋಟ ಇಲ್ಲ. 2018ರಲ್ಲಿ ಕುಳಿ ಕುಸಿಯುತ್ತಾ ಹೋದಾಗ ಸಾವಿರಾರು ಕಂಪನಗಳಿಗೆ ಬಿರುಕು ಬಿಟ್ಟು ಮುಚ್ಚಬೇಕಾಯಿತು. ಇಟಲಿಯ ಎಟ್ನಾ ಜ್ವಾಲಾಮುಖಿಯ ಉತ್ತರ ಮೈಯಲ್ಲಿದ್ದ ಪಿಯಾನೊ ಪ್ರೊವೆಂಜಾನ ಪ್ರವಾಸಿ ನೆಲೆ 2002ರಲ್ಲಿ ಲಾವಾದಡಿ ಹೋಯಿತು. ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಎದುರಿನ ಜಾನ್‌ಸ್ಟನ್ ರಿಡ್ಜ್ ಕೇಂದ್ರ ಸುರಕ್ಷಿತವಾಗಿಯೇ ನಿಂತಿದೆ, ಆದರೆ ಅಲ್ಲಿಗೆ ಹೋಗುವ ಒಂದೇ ರಸ್ತೆಯ ಸೇತುವೆಯನ್ನು 2023ರ ಮೇ ತಿಂಗಳಲ್ಲಿ ಮಣ್ಣುಕುಸಿತ ಕೊಚ್ಚಿಕೊಂಡು ಹೋಗಿ ಕೇಂದ್ರವೇ ಮುಚ್ಚಿತು.

ಆ ಜಾನ್‌ಸ್ಟನ್ ರಿಡ್ಜ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1980ರ ಮೇ 18ರಂದು ಆ ಬೆಟ್ಟ ಸಿಡಿದಾಗ ಆ ದಿಣ್ಣೆಯ ಮೇಲಿದ್ದು ಜೀವ ಕಳೆದುಕೊಂಡ ಜ್ವಾಲಾಮುಖಿ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಅವರ ಹೆಸರು ಆ ಜಾಗಕ್ಕೆ. 1997ರಲ್ಲಿ ತೆರೆದ ಗಿಡ್ಡ ಕಾಂಕ್ರೀಟ್ ಕಟ್ಟಡ, ಕುಳಿಯಿಂದ ಸುಮಾರು 9 ಕಿಲೋಮೀಟರ್ ದೂರ. ಮುಚ್ಚುವ ಮುಂಚೆ ಒಳಗೆ ಕತ್ತಲಲ್ಲಿ ಸ್ಫೋಟದ ಚಿತ್ರ ತೋರಿಸುತ್ತಿದ್ದರು. ಚಿತ್ರ ಮುಗಿದ ತಕ್ಷಣ ಪರದೆ ಮೇಲಕ್ಕೆ ಹೋಗುತ್ತಿತ್ತು, ಅದರ ಹಿಂದೆ ದೊಡ್ಡ ಕಿಟಕಿ, ಕಿಟಕಿಯಲ್ಲಿ ಒಂದು ಪಕ್ಕ ಹಾರಿಹೋದ ಅದೇ ಬೆಟ್ಟ. ಮಿರಾದೋರಿನ ಸೊಟ್ಟ ಓಣಿ ಮಾಡುವ ಕೆಲಸವನ್ನೇ ಇಲ್ಲಿ ಒಂದು ಪರದೆ ಮಾಡುತ್ತಿತ್ತು. ಕಟ್ಟಡ ತಾನು ಪಕ್ಕಕ್ಕೆ ಸರಿದು ಬೆಟ್ಟಕ್ಕೆ ಜಾಗ ಬಿಡುತ್ತಿತ್ತು.

ಐಸ್‌ಲ್ಯಾಂಡಿನ ಬ್ಲೂ ಲಗೂನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಪ್ರಕೃತಿ ಮಾಡಿದ ಕೊಳ ಅಲ್ಲ. ಪಕ್ಕದ ಸ್ವಾರ್ಟ್ಸ್‌ಎಂಗಿ ಭೂಶಾಖ ವಿದ್ಯುತ್ ಸ್ಥಾವರ 1976ರಲ್ಲಿ ಶುರುವಾಯಿತು. ಬಳಸಿ ಬಿಟ್ಟ ನೀರು ಲಾವಾದ ತೂತುಗಳಲ್ಲಿ ಇಂಗಿಹೋಗಬೇಕಿತ್ತು. ಆದರೆ ನೀರಿನಲ್ಲಿದ್ದ ಸಿಲಿಕಾ ಆ ತೂತುಗಳನ್ನು ಮುಚ್ಚಿತು, ನೀರು ನಿಂತಿತು, ಜನ ಸ್ನಾನಕ್ಕೆ ಇಳಿದರು. ಮನುಷ್ಯ ಆಗಲೇ ಬದಲಾಯಿಸಿದ್ದ ಜಾಗ ಅದು. ಈಗಿನ ಕಟ್ಟಡಗಳಲ್ಲಿ ನನಗೆ ಇಷ್ಟವಾದದ್ದು ಪಾರ್ಕಿಂಗಿನಿಂದ ಬಾಗಿಲಿಗೆ ಹೋಗುವ, ಎರಡೂ ಕಡೆ ಪಾಚಿ ಹಿಡಿದ ಲಾವಾ ಗೋಡೆಗಳ ನಡುವಿನ ದಾರಿ. 2023ರ ಕೊನೆಯಿಂದ ಆ ಸುತ್ತಿನಲ್ಲಿ ಮತ್ತೆ ಮತ್ತೆ ಲಾವಾ ಉಕ್ಕಿದೆ. ಕಟ್ಟಡಗಳ ಸುತ್ತ ಎತ್ತರದ ಮಣ್ಣು ಕಲ್ಲಿನ ತಡೆಗಳನ್ನು ಎಬ್ಬಿಸಿದ್ದಾರೆ. 2024ರ ನವೆಂಬರಿನಲ್ಲಿ ಲಾವಾ ಬಂದು ಪಾರ್ಕಿಂಗನ್ನು ಮುಚ್ಚಿತು. ಇಷ್ಟು ನಾಜೂಕಾಗಿ ಬೆರೆಸಿದ ಜಾಗಕ್ಕೆ ಈಗ ಆ ತಡೆಗಳೇ ಎಲ್ಲಕ್ಕಿಂತ ದೊಡ್ಡ ಕಟ್ಟಡ. ಹಾಗಾಗಿ ಕುಳಿಯ ಹತ್ತಿರ ಇಡುವುದನ್ನು ಹಗುರಾಗಿ ಇಡಿ, ಬಿಚ್ಚಿ ಒಯ್ಯುವ ಹಾಗೆ ಇಡಿ, ಮ್ಯೂಸಿಯಂ, ಕಚೇರಿ, ದಾಖಲೆ ಇಂಥ ಭಾರದ ವಸ್ತುಗಳನ್ನು ದೂರ ಇಡಿ ಅನ್ನುತ್ತೇನೆ. ಓಡಿಹೋಗಲು ಎರಡನೇ ದಾರಿ ನಕ್ಷೆಯ ಮೊದಲ ದಿನವೇ ಇರಲಿ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ. "ನಮ್ಮ ಹತ್ತಿರ ದುಡ್ಡು ಕಮ್ಮಿ, ಒಂದು ನೋಟದ ಕಟ್ಟೆ ಮಾತ್ರ ಮಾಡೋಕೆ ಆಗೋದು ಅಂತಿಟ್ಟುಕೊಳ್ಳಿ, ಎಲ್ಲಿಂದ ಶುರು ಮಾಡಬೇಕು ಸರ್?"

ಶೌಚಾಲಯದಿಂದ ಶುರು ಮಾಡಿ ಅಂದೆ, ಇಲ್ಲೂ ಅದನ್ನೇ ಬರೆಯುತ್ತೇನೆ. ಹೊಸ ಲಾವಾ ನೆಲದಲ್ಲಿ ಮಣ್ಣೇ ಇಲ್ಲ. ನಮ್ಮ ಕೈಗೆ ಅಭ್ಯಾಸವಾದ ಇಂಗುಗುಂಡಿ ಅಲ್ಲಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಕೊಳೆಯನ್ನು ಸೋಸುವುದು ಮಣ್ಣು. ಬಿರುಕುಗಳಲ್ಲಿ ಇಳಿದ ನೀರು ಸೋಸದೆ ನೇರ ಅಂತರ್ಜಲಕ್ಕೋ ಸುರಂಗದ ಕೊಳಕ್ಕೋ ಸಮುದ್ರಕ್ಕೋ ಹೋಗುತ್ತದೆ. ಸೋರದ ತೊಟ್ಟಿ ಇಟ್ಟು ಲಾರಿಯಲ್ಲಿ ಹೊರಗೆ ಸಾಗಿಸಬೇಕು, ಇಲ್ಲವೇ ನೀರಿಲ್ಲದೆ ಗೊಬ್ಬರವಾಗುವ ಥರದ್ದು ಮಾಡಬೇಕು. ಲಾರಿ ಬರಬೇಕಾದರೆ ರಸ್ತೆ ಬೇಕು, ಆದ್ದರಿಂದ ಶೌಚಾಲಯ ಎಲ್ಲಿ ಅನ್ನುವುದು ರಸ್ತೆ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಹೇಳುತ್ತದೆ. ಗಾಡಿಗಳು ಅಲ್ಲೇ ನಿಲ್ಲಲಿ. ಅಲ್ಲಿಂದ ಮುಂದೆ ಕಾಲುದಾರಿ, ಆ ದಾರಿಯ ಕೊನೆಯಲ್ಲಿ ನಿಮ್ಮ ಕಟ್ಟೆ. ತೊಟ್ಟಿ ತುಂಬಿದಾಗ ಖಾಲಿ ಮಾಡಿಸುವ ದುಡ್ಡನ್ನು ಪ್ರತಿ ವರ್ಷದ ಖರ್ಚಿನಲ್ಲಿ ಮೊದಲೇ ಬರೆದಿಡಿ. ಕಟ್ಟೆಗೆ ಯಾವ ಕಲ್ಲು ಅನ್ನುವುದನ್ನು ಆಮೇಲೆ ಕೂತು ಮಾತಾಡೋಣ.